ಗೋಲಿನ ಮುಂದೆ ಅಕ್ಕವ್ವ

ತಾಯಿಯ ಮೈಯ ಶಕ್ತಿ ಕುಂದುತ್ತಿರುವುದು ತನ್ನ ಕಂಪ್ಯೂಟರಿನಿಂದ ಎಂದು ಧನಪಾಲ ಯಾರ ಮುಂದೆ ಹೇಳಿಕೊಳ್ಳಬೇಕು? ಡಾಕ್ಟರಿಗೆ ಹೇಳಿದರೆ ಅವರು ತಾಯಿಯನ್ನು ಬಿಟ್ಟು ಅವನ ನಾಡಿ ಹಿಡಿಯುತ್ತಾರೆ. ಹೆಂಡತಿ ಮೇಘಾಳಿಗೆ ಹೇಳಿದರೆ ಕಂಪ್ಯೂಟರು ಆ ದಿನವೇ ಅಟ್ಟ ಸೇರುತ್ತದೆ. ಹೀಗಾಗಿ ರಬಕವಿಯ ಆ ಮನೆಯಲ್ಲಿ ಆ ಭಯವನ್ನು ಅವನೊಬ್ಬನೇ ಸಾಕುತ್ತಿದ್ದ.

ಧನಪಾಲ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನ. ಕಬ್ಬು ಅರೆಯುವ ಹಂಗಾಮು ಮುಗಿದರೆ ಅವನ ಸಂಜೆಗಳು ಖಾಲಿ. ಅಂಥದೊಂದು ಬೇಸಿಗೆಯಲ್ಲಿ, ಅವರ ಮನೆಯಲ್ಲೇ ಇದ್ದುಕೊಂಡು ಸೀರೆ ಅಂಗಡಿಗೆ ಹೋಗುತ್ತಿದ್ದ ಮೇಘಾಳ ತಮ್ಮ ಜಿನೇಶ ಒಂದು ಸಿ.ಡಿ. ತಂದುಕೊಟ್ಟ. ಹಾಕಿ ತಂಡ ನಡೆಸುವ ಆಟ. ಇದರಲ್ಲಿ ನಾವು ಕೋಲು ಹಿಡಿಯುವಂತಿಲ್ಲ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು ಎಂದು ಅಪ್ಪಣೆ ಕೊಡಬೇಕು. ಹಾಕಿಯೂ ಎಂಥದು? ಮಂಜುಗಡ್ಡೆಯ ಮೇಲೆ ಕರಿ ಬಿಲ್ಲೆಯೊಂದನ್ನು ಅಟ್ಟಾಡಿಸುವಂಥದು. (ರಬಕವಿಯ ಮೇ ತಿಂಗಳಲ್ಲಿ ಅದನ್ನು ನೋಡಿದರೇ ಬೆವರು ಆರುತ್ತಿತ್ತು.)

"ಮಾಮಾ, ಒಬ್ಬೊಬ್ಬ ಆಟಗಾರನ ಹೆಸರಿನ ಮುಂದ ಒಂದು ಅಂಕ ಇರತೈತಿ ನೋಡ್ರಿ. ಅಂವ ಎಷ್ಟು ಛಲೋ ಆಡತಾನ ಅನ್ನೂದು ಅದು," ಎಂದು ಜಿನೇಶ ಪಾಠ ಹೇಳಿದ್ದ. "ಹರೇದಾಗ ಅದು ಏರತೈತಿ, ಮೂವತ್ತು ದಾಟಿದ ಮ್ಯಾಲ ಇಳಿಯಾಕ ಹತ್ತತೈತಿ. ಇನ್ನೊಂದು ಏನಪಾ ಅಂದ್ರ…" ಅಷ್ಟರಲ್ಲಿ ಚಹಾ ಬಂತು. ಆ ಇನ್ನೊಂದನ್ನು ಧನಪಾಲ ಕೇಳಿಸಿಕೊಳ್ಳಲಿಲ್ಲ.

ಆಟಗಾರರ ಹೆಸರುಗಳು ನಾಲಿಗೆಗೆ ಸಿಗದಂಥವು. ಅವನ್ನೆಲ್ಲ ಅಳಿಸಿ ಮನೆಯವರ, ಓಣಿಯವರ ಹೆಸರಿಟ್ಟ. ಊಟದ ವಾಸನೆಗೆ ಎಲ್ಲರಿಗಿಂತ ಮೊದಲು ಓಡುವ ಜಿನೇಶ ಮುಂಪಡೆಗೆ. ಮೇಘಾ ನಟ್ಟನಡುವೆ. ನಾಯಕ ಸ್ವತಃ ಧನಪಾಲ. (ಮನೆಯಲ್ಲಿ ಖಾಲಿಯಿಲ್ಲದ ಹುದ್ದೆ.) ಗೋಲು ಕಾಯಲು ಮಾತ್ರ ಎರಡನೆಯ ಯೋಚನೆಯೇ ಬರಲಿಲ್ಲ: ತಾಯಿ ಅಕ್ಕವ್ವ. ಆಕೆ ಕಾಲಿಟ್ಟಂದಿನಿಂದ ಆ ಜೈನರ ಮನೆಯ ಅಡುಗೆಮನೆಗೆ ಒಂದು ಉಳ್ಳಾಗಡ್ಡಿ, ಒಂದು ಬಟಾಟಿ ನುಸುಳಿರಲಿಲ್ಲ. ಬಟ್ಟೆಯಲ್ಲಿ ಸೋಸದ ನೀರು ಕೊಡಕ್ಕೆ ಬಿದ್ದಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಯಾರ ಬಾಯಿಗೂ ಹೋಗಿರಲಿಲ್ಲ. ಅಂಥವಳಿಗೆ ಬಿಲ್ಲೆ ತಡೆಯುವುದು ಯಾವ ಲೆಕ್ಕ? ಮೂವತ್ತಾರು ವಯಸ್ಸಿನ ಒಬ್ಬ ವಿದೇಶಿ ಗೋಲ್‌ಕೀಪರ್ ಅಕ್ಕವ್ವನಾದ. ಅಂಕ ಎಂಬತ್ತನಾಲ್ಕು.

ಆಟದೊಳಗಿನ ಎರಡನೆಯ ವರ್ಷ ಅದು ಎಂಬತ್ತೊಂದಾಯಿತು. ಅದೇ ಸಂಜೆ ಕಾಯಿಪಲ್ಲೆಯ ಚೀಲದಿಂದ ಒಂದು ಬಟಾಟಿ ಉರುಳಿ ಅಡುಗೆಮನೆಯ ನಡುವೆ ಬಂದು ನಿಂತಿತು. ಜಿನೇಶನ ಕರಾಮತ್ತು. ಮನೆ ಉಸಿರು ಹಿಡಿದು ಸಿಡಿಲಿಗೆ ಕಾಯಿತು. ಅಕ್ಕವ್ವ ಬಟಾಟಿಯನ್ನು ದಿಟ್ಟಿಸಿ, ಮೆಲ್ಲಗೆ, "ಯಾರ ಮನೀದೋ ಇದು?" ಎಂದಳು. ಅಷ್ಟೇ.

ಧನಪಾಲನ ಬೆನ್ನಮೇಲೆ ಮಂಜುಗಡ್ಡೆ ಸರಿದಂತಾಯಿತು.

ದಣಿದವಳಿಗೆ ವಿಶ್ರಾಂತಿ ಬೇಕು ಎಂದು ಆಟದಲ್ಲಿ ಅಕ್ಕವ್ವನನ್ನು ಬೆಂಚಿನ ಮೇಲೆ ಕೂರಿಸಿದ. ಮನೆಯಲ್ಲೂ ಪಡಸಾಲೆಯಲ್ಲಿ ಕುರ್ಚಿ ಹಾಕಿ, "ಅವ್ವಾ, ಇನ್ನ ನೀ ಏನೂ ಮಾಡಬ್ಯಾಡ, ಸುಮ್ನ ಕುಂದ್ರು," ಎಂದ. ಆಕೆ ಕುಳಿತಳು. ಅಂಕ ಇಳಿಯಿತು. ಇಳಿಯಿತೆಂದು ಇನ್ನಷ್ಟು ಕೂರಿಸಿದ. ಅಂಕ ಮತ್ತಷ್ಟು ಇಳಿಯಿತು.

ಒಂದು ಮುಸ್ಸಂಜೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹಗಲಿಡೀ ಗೋಡೆಗಳನ್ನು ನಡುಗಿಸುವ ಆ ಸದ್ದು ನಿಂತಾಗ ಊರಿನ ಎದೆಯೇ ಬಡಿಯುವುದನ್ನು ಮರೆತಂತೆ ಇರುತ್ತದೆ. ಆ ಮೌನದಲ್ಲಿ, ಕುರ್ಚಿಯಲ್ಲಿ ಕೈ ಮಡಚಿ ಕುಳಿತ ಅಕ್ಕವ್ವ ಕೇಳಿದಳು: "ಧನ್ಯಾ, ಹೊತ್ತು ಮುಳಗೇತೇನೋ?"

ಸೂರ್ಯನೇ ಆಕೆಯನ್ನು ಕೇಳಿ ಮುಳುಗುತ್ತಿದ್ದ ಮನೆ ಅದು. ಧನಪಾಲ ತಿರುಗಿ ನೋಡಿದ. ಬ್ಯಾಟರಿಯ ಬಲದಲ್ಲಿ ಪರದೆಯೊಂದೇ ಬೆಳಗುತ್ತಿತ್ತು. ಅಕ್ಕವ್ವ: ಎಪ್ಪತ್ತೊಂದು. ಕೆಳಗೊಂದು ಹೊಸ ಸಾಲು: ಋತುವಿನ ಕೊನೆಗೆ ಈ ಆಟಗಾರ ಅಂಗಳ ಬಿಡಬಹುದು.

ಅಂದಿನಿಂದ ಅವನು ಆಟವನ್ನು ಒಂದು ದಿನವೂ ಮುಂದಕ್ಕೆ ಒತ್ತಲಿಲ್ಲ. ಋತು ಮುಗಿಯದಿದ್ದರೆ ಅವ್ವ ಎಲ್ಲಿಗೆ ಹೋಗುತ್ತಾಳೆ?

ಆದರೆ ಅಕ್ಕವ್ವ ಹೊರಟೇ ಬಿಟ್ಟಿದ್ದಳು. ತೇರದಾಳದ ಜೈನ ಶ್ರಾವಕರ ಗುಂಪು ದೂರದ ಶಿಖರಜಿ ಬೆಟ್ಟದ ಯಾತ್ರೆಗೆ ನಡೆದಿತ್ತು. ಅದಕ್ಕೆಂದೇ ಆಕೆ ಬಿಳಿ ಸೀರೆ ತೆಗೆದಿಟ್ಟಿದ್ದಳು. ಜೀವಮಾನದ ಒಂದೇ ಆಸೆ ಅದು.

"ಹೋಗೂದು ಬ್ಯಾಡವಾ," ಎಂದ ಧನಪಾಲ.

"ಯಾಕ ಬ್ಯಾಡ? ಅತ್ತಿಗೇನಾಗೇತ್ರೀ?" ಎಂದಳು ಮೇಘಾ.

"ಗುಡ್ಡ ಹತ್ತೂದೈತಿ."

"ಗುಡ್ಡ ಹತ್ತಾಕs ಹೊಂಟಾರ. ಮತ್ತೇನು ಈಜಾಕ ಹೊಂಟಾರೇನು?"

"ಎಪ್ಪತ್ತೊಂದು ಆಗೇತಿ!"

"ಯಾರಿಗೆ? ಅತ್ತಿಗಿನ್ನೂ ಅರವತ್ತೈದು!"

ಧನಪಾಲನ ಕಣ್ಣಲ್ಲಿ ನೀರು ಬಂತು. ಎಲ್ಲವನ್ನೂ ಹೇಳಿಬಿಟ್ಟ. ಯಾರೂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು. ಮೇಘಾ ಪರದೆಯ ಮುಂದೆ ಕೂತು ಸಾಲಿನುದ್ದಕ್ಕೂ ಬೆರಳೋಡಿಸಿದಳು.

"ಅಲ್ರೀ, ಈ ವರ್ಷ ಇವ್ರು ಆಡಿದ ಆಟ ಸೊನ್ನಿ ಅಂತೈತಿ. ಆಡಸದs ಕುಂದರಿಸೀರಿ. ಅಂಕ ಹೆಂಗ ಏರಬೇಕು?"

"ಅವತ್ತs ಹೇಳಾಕ ಹೋದ್ನಲ್ರಿ ಮಾಮಾ," ಎಂದ ಜಿನೇಶ. "ವಯಸ್ಸು ತೆಗೊಂಡು ಹೋಗೂದು ಚೂರು. ಕುಂತ್ರ ತುಕ್ಕು ಹಿಡಿಯೂದು ಭಾಳ. ನೀವು ಚಹಾ ಕುಡದ್ರಿ."

ಅಕ್ಕವ್ವ ಕುರ್ಚಿಯಿಂದ ಎದ್ದಳು. "ಕುಂದರಿಸಿದಾಂವ ನೀ. ಕುಂತಾಕಿ ನಾ. ಅಂಜಾಂವ ಮತ್ತ ನೀನs! ಇಲ್ಲಿ ಬಾ. ನಾ ಬರೂತನಕ ಇದನ್ನ ಮುಟ್ಟೂದಿಲ್ಲ ಅಂತ ನೇಮ ತಗೋ." ಅವನು ಕೈಮುಗಿದು ನೇಮ ತೆಗೆದುಕೊಂಡ. ಆಕೆ ನೀರು ಸೋಸುವ ಬಟ್ಟೆಯನ್ನು ಅವನ ಹೆಗಲಿಗೆ ಹಾಕಿದಳು. "ಅಡಗಿಮನಿ ಬಾಗಲಾ ಇನ್ನ ನೀ ಕಾಯಿ."

ಮೇಘಾ ವಯರು ಕಿತ್ತು, ಕಂಪ್ಯೂಟರಿಗೆ ಹಳೆಯ ಸೀರೆ ಹೊದಿಸಿ ಗಂಟು ಹಾಕಿದಳು. ಧನಪಾಲ ನೇಮ ಮುರಿಯಲಿಲ್ಲ. ಕೆಲವು ಸಂಜೆ ಸೀರೆಯೊಳಗೆ ಏನೋ ಮಿಣುಕಿದಂತೆ ಕಂಡಾಗ ಗೋಡೆಗೆ ಮುಖ ಮಾಡಿ ಕೂತ. ಬಾಗಿಲು ಕಾಯುವ ಕೆಲಸ ಮಾತ್ರ… ಬನಹಟ್ಟಿಯಿಂದ ಜಿನೇಶ ಬಿಸಿ ಭಜಿಯ ಪೊಟ್ಟಣ ತಂದ ಒಂದು ಸಂಜೆಯ ಸಂಗತಿ ಅವರಿಬ್ಬರಿಗೆ, ಮತ್ತು ಆಗಲೇ ಮುಳುಗಿದ್ದ ಸೂರ್ಯನಿಗೆ ಮಾತ್ರ ಗೊತ್ತು.

ಶಿಖರಜಿಯಿಂದ ಫೋನು ಬಂತು. "ನಡಕೋತ ಹತ್ತಿ ಇಳದ್ನೋ ಧನ್ಯಾ. ಡೋಲಿ ಹೊರಾವ್ರು ಈಗ ಕುಂದರತಾಳ, ಆಗ ಕುಂದರತಾಳ ಅಂತ ಹಿಂದ ಬಂದು ಬಂದು ಅವ್ರs ದಣದ್ರು."

ಆಕೆ ಮರಳಿದ ಸಂಜೆ, ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಸಿ, ಅಕ್ಕವ್ವನೇ ಸೀರೆಯ ಗಂಟು ಬಿಚ್ಚಿದಳು. ವಯರು ಸಿಕ್ಕಿಸಿದರು. ಪರದೆ ಬೆಳಗಿತು. ಆಟದೊಳಗೆ ಒಂದು ದಿನವೂ ಮುಂದೆ ಸರಿದಿರಲಿಲ್ಲ. ದಿನಾಂಕ ಅದೇ ಇತ್ತು.

ಅಕ್ಕವ್ವ: ಎಂಬತ್ತಾರು.

 ಹೊರಗೆ ಕರೆಂಟು ಹೋಗಿ ಮಗ್ಗಗಳು ನಿಂತವು; ಪರದೆ ಮಾತ್ರ ಬ್ಯಾಟರಿಯಲ್ಲಿ ಬೆಳಗುತ್ತಿತ್ತು. ಆಕೆಯ ಹೆಸರಿನ ಕೆಳಗೆ ಧನಪಾಲ ಎಂದೂ ಬರೆಯದ ಸಾಲೊಂದಿತ್ತು: ಬದಲಿ ಗೋಲ್‌ಕೀಪರ್, ಧನಪಾಲ. ಹನ್ನೊಂದು.

"ಅದರ ಮುಂದೇನೋ ಬರದೈತಿ, ಓದ," ಎಂದಳು ಅಕ್ಕವ್ವ.

ಧನಪಾಲ ಓದಲಿಲ್ಲ. ಮೇಘಾ ಓದಿದಳು: "ತನ್ನ ಗೋಲಿನೊಳಗೆ ತಾನೇ ಬಿಲ್ಲೆ ಹೊಡೆದಿದ್ದಾನೆ."

ಜಿನೇಶ ಮೆಲ್ಲಗೆ ಬಾಗಿಲ ಕಡೆ ಜರುಗಿದ. ಅಕ್ಕವ್ವ ಮಗನ ಹೆಗಲ ಮೇಲಿನ ಬಟ್ಟೆಯನ್ನು ತೆಗೆದುಕೊಂಡು, ಅದನ್ನೊಮ್ಮೆ ಮೂಸಿ, ಅವನ ಬಾಯಿಯನ್ನೇ ನೋಡುತ್ತ ಕೇಳಿದಳು:

"ಬಟಾಟೀದೋ, ಉಳ್ಳಾಗಡ್ಡೀದೋ?"

"ನಾ… ನಾ ಏನೂ ತಿಂದಿಲ್ಲವಾ," ಎಂದ ಧನಪಾಲ.

ಯಾರೂ ಮುಟ್ಟದ ಪರದೆಯ ಮೇಲೆ, ಎಲ್ಲರ ಕಣ್ಣೆದುರಿಗೇ, ಹನ್ನೊಂದು ಹತ್ತಾಯಿತು.