ಮಾಪಣ್ಣನ ಹಸಿರು ದೀಪ

ಕೂಲಿ ಕೆಲಸ ಹುಡುಕಿಕೊಡುವ ಮೊಬೈಲ್ ಆ್ಯಪ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಮುಂಬಯಿ ಕಡೆಯ ಕಲ್ಯಾಣದ ಕೂಲಿ ನಾಕಾದಿಂದ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಚೌಕದಿಂದ, ವಿಠಲ, ಹತ್ತನೇ ಪಾಸು, ಗಾರೆ ಕೆಲಸದವನು, ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ನೆಟ್‌ವರ್ಕ್ ಸದಾ ತುಂಬಿ ತುಳುಕಲಿ.

ತಾವು ಬರುವ ಮೊದಲು ನಾವು ಎಷ್ಟು ಹಿಂದುಳಿದಿದ್ದೆವು ಎಂದರೆ, ಕೆಲಸ ಸಿಗಲಿ ಬಿಡಲಿ, ಬೆಳಿಗ್ಗೆ ಏಳಕ್ಕೆ ನಾಕಾದಲ್ಲಿ ಗುಂಪಾಗಿ ನಿಂತು, ಕಟಿಂಗ್ ಚಹಾ ಕುಡಿಯುತ್ತ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದೆವು. ಯಾರಾದರೂ ಎರಡು ದಿನ ಕಾಣದಿದ್ದರೆ ಅವರ ಖೋಲಿಗೇ ಹೋಗಿ ಕದ ಬಡಿಯುವ ಕೆಟ್ಟ ಚಟವೂ ನಮಗಿತ್ತು. ತಾವು ಅದನ್ನೆಲ್ಲ ಬಿಡಿಸಿದಿರಿ. ಈಗ ಹಾಸಿಗೆಯಲ್ಲಿರುವಾಗಲೇ ಕೆಲಸ ಬರುತ್ತದೆ. ಒಬ್ಬನೇ ಹೋಗಿ, ಗುರುತಿಲ್ಲದವರ ಜೊತೆ ದುಡಿದು, ಒಬ್ಬನೇ ಬರುತ್ತೇನೆ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಎಂಥ ಉಳಿತಾಯ!

ಹೋದ ವಾರ, ನಾಕಾದ ಕಾಲದಿಂದ ನನ್ನ ಜೋಡಿದಾರನಾದ ಮಾಪಣ್ಣನ ಸುದ್ದಿ ನಾಲ್ಕು ದಿನ ಇರಲಿಲ್ಲ. ತಮ್ಮನ್ನು ಕೇಳಿದೆ. ತಾವು ಅವನ ಹೆಸರಿನ ಪಕ್ಕ ಹಸಿರು ದೀಪ ತೋರಿಸಿ 'ಕೆಲಸಕ್ಕೆ ಸಿದ್ಧ' ಎಂದಿರಿ. ನನ್ನನ್ನು ಬಿಟ್ಟು ಬೇರೆ ಜೋಡಿ ಹುಡುಕಿಕೊಂಡಿದ್ದಾನೆಂದು ನಾನು ಮುನಿಸಿಕೊಂಡು ಫೋನೂ ಮಾಡಲಿಲ್ಲ. ಭಾನುವಾರ ನಾಕಾದ ಕಡೆ ಹೋದರೆ, ತಾವು ಇಳಿಯಲಾರದ ಬಟನ್ ಫೋನಿನ, ನಾಕಾದವರೆಲ್ಲ ಅತ್ತೆ ಎನ್ನುವ ಮರಗಮ್ಮ ಒಬ್ಬಳೇ ಕೂಲಿಗೆ ಕಾಯುತ್ತಿದ್ದಳು. ಮಾಪಣ್ಣ ಎಲ್ಲಿ ಎಂದಳು. ನಾನು ದೀಪ ತೋರಿಸಿದೆ. "ಏ ಮಬ್ಬ, ದೀಪ ನೋಡಿದ್ರ ಮನ್ಷ್ಯಾನ ನೋಡ್ದಂಗ ಆಯ್ತೇನೋ? ನಡಿ ಮೊದ್ಲ!" ಎಂದು ರಟ್ಟೆ ಹಿಡಿದು, ಅವನ ಖೋಲಿ ಇರುವ ಮುಂಬ್ರಾಕ್ಕೆ ಲೋಕಲ್ ರೈಲು ಹತ್ತಿಸಿದಳು.

ಮಾಪಣ್ಣ ಜ್ವರದಲ್ಲಿ ಬಿದ್ದಿದ್ದ. ಖೋಲಿಯ ಜೊತೆಗಾರರು ಊರಿಗೆ ಹೋಗಿದ್ದರು. ನೀರು ಕೊಡುವವರಿಲ್ಲದೆ ಅವನ ತುಟಿ ಒಡೆದಿತ್ತು. ಚಾರ್ಜಿಗೆ ಹಾಕಿದ ಫೋನು ಮಾತ್ರ, ಅವನು ಯಾವತ್ತೋ ಒತ್ತಿಟ್ಟ 'ದಿನಾಲೂ ಹಾಜರಿ'ಯಂತೆ, ಗಟ್ಟಿಮುಟ್ಟಾಗಿ ಕೆಲಸಕ್ಕೆ ಸಿದ್ಧವಾಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಅತ್ತೆ ಕರೆತಂದ ಡಾಕ್ಟರು. ಗುಳಿಗೆ ನುಂಗಿದ ಮಾಪಣ್ಣ ಕೇಳಿದ್ದು ಒಂದೇ: "ಹೋಗಬ್ಯಾಡ್ರಿ, ಜರಾ ಕುಂದರ್ರಿ." ಕುಳಿತೆವು. ಅತ್ತೆ ಬೈಯುತ್ತಲೇ ಗಂಜಿ ಕುಡಿಸಿದಳು. ಅವಳ ಬೈಗುಳಕ್ಕೆ ಅವನು ನಕ್ಕ.

ಆದ್ದರಿಂದ ಸಣ್ಣ ಬಿನ್ನಹ: ಇನ್ನು ಮುಂದೆ ದೀಪ ಹಚ್ಚುವ ಮೊದಲು ತಾವು ಖುದ್ದಾಗಿ ಮುಂಬ್ರಾದ ಗುಡ್ಡ ಹತ್ತಿ, ಹಣೆ ಮುಟ್ಟಿ ನೋಡತಕ್ಕದ್ದು. ಕೈ ಇಲ್ಲದಿದ್ದರೆ ಹೇಳಿ, ನಮ್ಮವು ಇವೆ. ನಾವು ಪುನಃ ಏಳಕ್ಕೆ ನಾಕಾದಲ್ಲಿ ಸೇರುತ್ತಿದ್ದೇವೆ. ಅದರಿಂದ ಕೆಲಸಕ್ಕೆ ತಡವಾಯಿತೆಂದು ತಾವು ನನ್ನ ಎರಡು ಸ್ಟಾರ್ ಕಿತ್ತುಕೊಂಡಿರಿ. ಉಳಿದ ಮೂರನ್ನೂ ದಯವಿಟ್ಟು ಇಟ್ಟುಕೊಳ್ಳಿ.

ಮೊಬೈಲಿನಿಂದ ತಮ್ಮನ್ನು ಇನ್ನೂ ಕಿತ್ತುಹಾಕದ,
ತಮ್ಮ ವಿಶ್ವಾಸಿ,
ವಿಠಲ

ತಾ.ಕ.: ನಿನ್ನೆ ಬೆಳಿಗ್ಗೆ ತಾವೇ ಮೂರು ತಾಸು ಬಂದ್ ಬಿದ್ದಿದ್ದಿರಂತೆ. ನಾಕಾದಲ್ಲಿ ನಾವು ಹದಿನೆಂಟು ಜನ ಇದ್ದೆವು. ತಾವು ಕಾಣುತ್ತಿಲ್ಲವೆಂಬುದು ಒಬ್ಬರಿಗೂ ಗೊತ್ತಾಗಲಿಲ್ಲ.