ನಮ್ಮಕ್ಕನ ಹನ್ನೆರಡು ಸಾವಿರ ಹೆಜ್ಜೆ

ನಮ್ಮಕ್ಕ ಒಂದು ಸಲ ದುರುಗುಟ್ಟಿ ನೋಡಿದರೆ ಸಾಕು, ತಟ್ಟೆಯಲ್ಲಿರುವ ಜಿಲೇಬಿ ಸುರುಳಿ ಬಿಚ್ಚಿಕೊಂಡು ನೆಟ್ಟಗಾಗಿಬಿಡುತ್ತದೆ! ನಂಬುವುದಿಲ್ಲವೇ? ಹಲಸೂರಿನ ನಮ್ಮ ಮನೆಗೆ ಬನ್ನಿ. ಆದರೆ ಜಿಲೇಬಿ ನೀವೇ ತರಬೇಕು. ಅದು ನಮ್ಮ ಹೊಸಿಲು ದಾಟಿ ವರ್ಷವಾಯಿತು.

ಇದಕ್ಕೆಲ್ಲ ಕಾರಣ ನಾನೇ. ನಾನು ಟೈಲರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಷೀನಿನ ಮುಂದೆ ಕೂತವನು, ಆಮೇಲೆ ಎದ್ದಿದ್ದು ಕಡಿಮೆ. ಹೋದ ವರ್ಷ ನಮ್ಮ ಬೀದಿಯಲ್ಲಿ ಯಾರೋ ಪುಕ್ಕಟೆ ರಕ್ತ ಪರೀಕ್ಷೆ ಮಾಡುತ್ತಿದ್ದರು. ಪುಕ್ಕಟೆ ಅಂದಮೇಲೆ ಬಿಡುವುದುಂಟೇ? ಬೆರಳು ಕೊಟ್ಟೆ. ಸಕ್ಕರೆ ಕಾಯಿಲೆ ಅಂತ ಚೀಟಿ ಕೊಟ್ಟರು! ಹೆಂಡತಿ ಅತ್ತಳು. ಮೇಲಿನ ಮನೆಯಲ್ಲಿರುವ ಅಕ್ಕ ಅಳಲಿಲ್ಲ. ಇದೇ ಕಾಯಿಲೆಯಿಂದ ಅಪ್ಪನ ಕಾಲಿಗಾದ ಹುಣ್ಣಿಗೆ ಎರಡು ವರ್ಷ ಬಟ್ಟೆ ಕಟ್ಟಿದವಳು ಅವಳು. ಕೊನೆಗೆ ಆ ಕಾಲೂ ಉಳಿಯಲಿಲ್ಲ, ಅಪ್ಪನೂ ಉಳಿಯಲಿಲ್ಲ. ಚೀಟಿಯನ್ನು ಎರಡು ಸಲ ಓದಿ, ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇವತ್ತಿಂದ ಎರಡೂ ಮನೆಗೆ ಒಂದೇ ಅಡುಗೆ. ಮಾಡೋಳು ನಾನು."

ಮಾರನೆಯ ದಿನದಿಂದ ಶುರುವಾಯಿತು ನೋಡಿ! ಬೆಳಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ, ರಾತ್ರಿ ಏಳಕ್ಕೆ ಊಟ ಮುಗಿದಿರಬೇಕು. ಅನ್ನ ಬಡಿಸುವುದು ಕಾಫಿ ಲೋಟದಲ್ಲಿ. ನಮ್ಮ ಭಾವ ಒಂದು ದಿನ ಧೈರ್ಯ ಮಾಡಿ, "ಏನೇ, ಸಕ್ಕರೆ ಕಾಯಿಲೆ ನಿನ್ನ ತಮ್ಮಂಗೆ. ನಂಗ್ಯಾಕೆ ಶಿಕ್ಷೆ?" ಎಂದು ಕೇಳಿದರು. ಅಕ್ಕ ಅವರ ಹೊಟ್ಟೆಯನ್ನು ತೋರುಬೆರಳಿನಿಂದ ಒಮ್ಮೆ ತಿವಿದಳು. ಉತ್ತರ ಅಲ್ಲಿಗೆ ಮುಗಿಯಿತು.

ತೂಕದ ಮಷೀನನ್ನು ಅಕ್ಕ ನಂಬುವುದಿಲ್ಲ. "ಪ್ಯಾಂಟು ಸುಳ್ಳು ಹೇಳಲ್ಲ" ಅನ್ನುವುದು ಅವಳ ಸಿದ್ಧಾಂತ. ಭಾನುವಾರ ಬಂತೆಂದರೆ ಭಾವ ತಮ್ಮ ಹಳೇ ನೀಲಿ ಪ್ಯಾಂಟು ಹಾಕಿಕೊಂಡು ನಿಲ್ಲಬೇಕು. ಅಕ್ಕ ಸೊಂಟಪಟ್ಟಿಯೊಳಗೆ ಎಷ್ಟು ಬೆರಳು ತೂರುತ್ತವೆ ಎಂದು ನೋಡುತ್ತಾಳೆ. ಮೂರು ವಾರವಾದರೂ ಒಂದು ಬೆರಳೂ ತೂರಲಿಲ್ಲ! ನಾಲ್ಕನೇ ಶನಿವಾರ ಭಾವ ಪ್ಯಾಂಟನ್ನು ಪೇಪರಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು.

"ಒಂದೂವರೆ ಇಂಚು ಬಿಚ್ಚಿ ಹೊಲಿಯೋ ಮಾರಾಯ. ನಿಮ್ಮಕ್ಕಂಗೆ ಗೊತ್ತಾದ್ರೆ ಇಬ್ರಿಗೂ ಅಂಬಲೀನೇ ಗತಿ."

ಭಾನುವಾರ ಅಕ್ಕನ ನಾಲ್ಕು ಬೆರಳೂ ಸಲೀಸಾಗಿ ಒಳಗೆ ಹೋದವು. ಅವಳ ಸಂಭ್ರಮ ನೋಡಬೇಕಿತ್ತು! ಇಡೀ ಗಲ್ಲಿಗೆ ಮೊಳಕೆ ಬಂದ ಹೆಸರುಕಾಳು ಹಂಚಿದಳು. ಪ್ಯಾಂಟು ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತದೆ ಅನ್ನುವುದು ಟೈಲರಿಗಲ್ಲದೆ ಇನ್ಯಾರಿಗೆ ಗೊತ್ತು?

ಇನ್ನು ಕೆ.ಆರ್. ಪುರದಲ್ಲಿ ನಮ್ಮ ನೆಂಟರ ಮದುವೆ. ಪಂಕ್ತಿಯಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತಳು. ಹೋಳಿಗೆ ಬಂತು, ಅವಳ ಅಂಗೈ ನನ್ನ ಎಲೆಯ ಮೇಲೆ ಕೊಡೆಯಂತೆ ಬಿಚ್ಚಿಕೊಂಡಿತು. ಪಾಯಸ ಬಂತು, ಮತ್ತೆ ಕೊಡೆ! ಬಡಿಸುವವನು ಗೊಂದಲವಾಗಿ, "ಅಣ್ಣ ಬರೀ ಉಪ್ಪಿನಕಾಯಿ ತಿನ್ನಕ್ಕೆ ಬಂದವ್ರಾ?" ಎಂದ. ಊಟವಾದ ಮೇಲೆ ನಮ್ಮನ್ನೆಲ್ಲ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನವರೆಗೆ ನಡೆಸಿದಳು. ಆ ಉರಿಬಿಸಿಲು, ಧೂಳು, ಸಾಲುಗಟ್ಟಿದ ಬಸ್ಸುಗಳು, ಅವುಗಳ ನಡುವೆ ರೇಷ್ಮೆ ಪಂಚೆ ಎತ್ತಿ ಹಿಡಿದ ಭಾವ! ಆಟೋದವನೊಬ್ಬ ನಿಲ್ಲಿಸಿ, "ಏನ್ ಸಾರ್, ಮದ್ವೆ ಮುರಿದೋಯ್ತಾ?" ಎಂದು ಕನಿಕರದಿಂದ ಕೇಳಿದ.

ಆ ನಡಿಗೆಯಲ್ಲಿ ನಾನು ಮೂರು ಕಡೆ ಕೂತೆನಲ್ಲ, ಅದನ್ನು ಅಕ್ಕ ಮರೆಯಲಿಲ್ಲ. ಮುಂದಿನ ವಾರವೇ ಬೆಂಕಿಪೊಟ್ಟಣದಷ್ಟು ಪುಟ್ಟ ಯಂತ್ರಗಳನ್ನು ತಂದಳು, ಹೆಜ್ಜೆ ಎಣಿಸುವಂಥವು. ಒಂದು ಅವಳಿಗೆ, ಒಂದು ನನಗೆ. ಸಂಜೆ ಅಂಗಡಿಯಿಂದ ಬಂದ ಕೂಡಲೇ ನಾನು ಲೆಕ್ಕ ತೋರಿಸಬೇಕು.

ಈಗ ನನ್ನ ತಪ್ಪೊಪ್ಪಿಗೆ.

ಅದರ ಕ್ಲಿಪ್ಪು ಸೊಂಟದಲ್ಲಿ ನಿಲ್ಲದೆ ಪದೇ ಪದೇ ಬೀಳುತ್ತಿತ್ತು. ಅದಕ್ಕೇ ಒಂದು ತುಂಡು ಎಲಾಸ್ಟಿಕ್ ತೆಗೆದುಕೊಂಡು ಕಣಕಾಲಿಗೆ ಕಟ್ಟಿಕೊಂಡೆ. ಎಲ್ಲ ಟೈಲರುಗಳೂ ಮೋಟಾರು ಹಾಕಿಸಿಕೊಂಡಿದ್ದಾರೆ. ನಾನಿನ್ನೂ ಪೆಡಲ್ ತುಳಿಯುವವನು. ಅವತ್ತು ಮದುವೆಯ ಬ್ಲೌಸುಗಳ ರಾಶಿಯಿತ್ತು. ಸಂಜೆ ನೋಡುತ್ತೇನೆ, ಹನ್ನೆರಡು ಸಾವಿರ! ಸ್ಟೂಲಿನಿಂದ ಏಳದೆ ಹಲಸೂರಿನಿಂದ ಇಂದಿರಾನಗರಕ್ಕೆ ಹೋಗಿ ಬಂದುಬಿಟ್ಟಿದ್ದೆ!

ಮೊದಲನೇ ದಿನ ಅದು ಆಕಸ್ಮಿಕ. ಎರಡನೇ ದಿನದಿಂದ ಅದಕ್ಕೆ ಮೋಸ ಎಂದು ಹೆಸರು. ಎಡಗೈಯಲ್ಲಿ ಎದುರು ಬೇಕರಿಯ ಕಾಯಿ-ಸಕ್ಕರೆ ತುಂಬಿದ ದಿಲ್‌ಪಸಂದ್, ಬಲಗೈ ಬಟ್ಟೆಯ ಮೇಲೆ, ಕಾಲು ಪೆಡಲ್ ಮೇಲೆ. ತಿನ್ನುತ್ತಾ ತಿನ್ನುತ್ತಾ ನಡೆದೆ! ಸಂಜೆ ಅಕ್ಕ ಯಂತ್ರ ನೋಡಿ ಕಣ್ಣರಳಿಸುತ್ತಿದ್ದಳು. ಕೆರೆಯ ಹತ್ತಿರ ವಾಕಿಂಗ್ ಬರುವವರಿಗೆಲ್ಲ, "ನಮ್ ತಮ್ಮ, ದಿನಾ ಹನ್ನೆರಡು ಸಾವಿರ!" ಎಂದು ಸಾರುತ್ತಿದ್ದಳು. ನಾನು ತಲೆ ತಗ್ಗಿಸಿದರೆ, ಅದನ್ನೂ ವಿನಯ ಅಂದುಕೊಂಡಳು.

ಎರಡು ತಿಂಗಳು ಹೀಗೇ ನಡೆಯಿತು. ಅಂದರೆ, ನಡೆಯಲಿಲ್ಲ.

ಒಂದು ಬೆಳಗ್ಗೆ ಅಂಬಲಿ ಕೆಳಗೆ ಬರಲಿಲ್ಲ. ಹೆಂಡತಿ ಮೇಲೆ ಹೋಗಿ ನೋಡಿ ಬಂದು, "ಅಕ್ಕನಿಗೆ ಎದ್ದು ನಿಲ್ಲೋಕೆ ಆಗ್ತಿಲ್ಲ ರೀ, ಮಂಡಿ ಊದಿದೆ" ಎಂದಳು. ಓಡಿದೆ. ಅಕ್ಕ ಕಾಲು ಚಾಚಿ ಕೂತಿದ್ದಳು. ಭಾವ ಬಟ್ಟೆಯಲ್ಲಿ ಬಿಸಿ ಉಪ್ಪು ಕಟ್ಟಿ ಶಾಖ ಕೊಡುತ್ತಿದ್ದರು.

"ಎಲ್ಲಾ ನಿನ್ನಿಂದ ಕಣಯ್ಯ!" ಎಂದರು ಭಾವ. "ನೀನು ಹನ್ನೆರಡು ಸಾವಿರ ಹಾಕ್ತೀಯ ಅಂತ ಇವಳೂ ದಿನಾ ಅಷ್ಟು ಹಾಕ್ಬೇಕಂತೆ. ಬೆಳಗ್ಗೆ ಕೆರೆ, ಸಂಜೆ ಕೆರೆ. ಡಾಕ್ಟ್ರು ಬೇಡ ಅಂದ್ರೂ ಕೇಳಲ್ಲ."

"ಯಾಕಕ್ಕಾ?"

ಅಕ್ಕ ನಕ್ಕಳು. "ನಿಂದು ಚಿಕ್ಕಂದಿನಿಂದ ಇದೇ ಬುದ್ಧಿ ಅಲ್ವೇನೋ? ಜೊತೇಲಿ ಯಾರೂ ಇಲ್ಲ ಅಂದ್ರೆ ನಡುರಸ್ತೇಲಿ ಕೂತ್ಬಿಡ್ತಿದ್ದೆ. ಒಬ್ನೇ ನಡೀತಿದೀನಿ ಅನ್ಸಿದ್ರೆ ಬಿಟ್ಬಿಡ್ತೀಯ ಅಂತ."

ನನಗೆ ಹನ್ನೆರಡಾಗುವವರೆಗೂ ಅಕ್ಕ ದಿನಾ ನನ್ನ ಕೈ ಹಿಡಿದು ಶಾಲೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದಳು. ಏಳನೇ ಕ್ಲಾಸಿನಲ್ಲಿ ನಾನು ಗೇಟಿನಿಂದ ಒಳಗೆ ಹೋಗಿ, ಹಿಂದಿನ ಗೋಡೆ ಹಾರಿ, ಟೈಲರ್ ಅಂಗಡಿಯಲ್ಲಿ ಕೂತು ಪೆಡಲ್ ತುಳಿಯುತ್ತಿದ್ದೆ. ಗುಟ್ಟು ಬಯಲಾಗುವವರೆಗೆ, ಒಂದಿಡೀ ವರ್ಷ, ತಮ್ಮ ಓದುತ್ತಿದ್ದಾನೆ ಅಂತ ನಂಬಿದ್ದಳು. ಆಗಲೂ ಪೆಡಲ್, ಈಗಲೂ ಪೆಡಲ್!

ಕಾಲಿನ ಎಲಾಸ್ಟಿಕ್ ಬಿಚ್ಚಿ, ಯಂತ್ರವನ್ನು ಅವಳ ಕೈಯಲ್ಲಿಟ್ಟು, ಎಲ್ಲಾ ಹೇಳಿದೆ. ದಿಲ್‌ಪಸಂದನ್ನೂ ಬಿಡಲಿಲ್ಲ. ಇನ್ನು ಪ್ಯಾಂಟಿನ ಸರದಿ ಬರುತ್ತದೆ ಎಂದು ಭಾವ ಉಪ್ಪಿನ ಗಂಟು ಹಿಡಿದುಕೊಂಡೇ ಅಡುಗೆಮನೆಗೆ ಜಾರಿದರು.

ಅಕ್ಕ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು.

"ನಿಜವಾಗ್ಲೂ ಎಷ್ಟು ನಡೀತೀಯೋ?"

"ಮನೆಯಿಂದ ಅಂಗಡಿ, ಅಂಗಡಿಯಿಂದ ಬೇಕರಿ... ಐನೂರು ಆಗ್ಬಹುದಕ್ಕಾ."

"ಐನೂರು ಅಂತ ಮೊದ್ಲೇ ಹೇಳ್ಬಾರ್ದಿತ್ತೇನೋ, ಪೆದ್ದೇ? ನಾನೂ ಐನೂರೇ ನಡೀತಿದ್ದೆ."

ಮಂಡಿಯ ಊತ ಇಳಿಯಲು ಮೂರು ವಾರ ಬೇಕಾಯಿತು. ಈಗ ದಿನಾ ಬೆಳಗ್ಗೆ ಇಬ್ಬರೂ ಕೆರೆಯ ಹತ್ತಿರ ಹೋಗುತ್ತೇವೆ, ನಿಧಾನವಾಗಿ, ಅವಳ ಮಂಡಿ ಹೇಳಿದಷ್ಟು. ಯಂತ್ರಗಳು ಮನೆಯಲ್ಲೇ ಇರುತ್ತವೆ. ಅಕ್ಕ ನನ್ನ ಕೈ ಬಿಗಿಯಾಗಿ ಹಿಡಿದಿರುತ್ತಾಳೆ. ಅವಳ ಆಸರೆಗಿರಬಹುದು ಎಂದುಕೊಂಡಿದ್ದೆ. ಮೊನ್ನೆ ವಾಕಿಂಗಿನ ಹೆಂಗಸೊಬ್ಬರು ನಗುತ್ತಾ, "ಏನಮ್ಮಾ, ಇಷ್ಟು ದೊಡ್ಡ ತಮ್ಮನ್ನ ಕೈ ಹಿಡ್ಕೊಂಡು ನಡೆಸ್ತಿದ್ದೀರಾ?" ಎಂದರು.

ಅಕ್ಕ ಹಿಡಿತ ಇನ್ನಷ್ಟು ಬಿಗಿ ಮಾಡಿದಳು.

"ಬಿಟ್ರೆ ಗೋಡೆ ಹಾರ್ತಾನೆ ಕಣ್ರೀ ಇವನು."