ಬೂದಿ ಬಣ್ಣದ ಲ್ಯಾಪ್‌ಟಾಪು

ವಯಸ್ಸಾದವರ ಕಣ್ಣಿಗಿ ಮಬ್ಬು ಕವಿದ್ರ ಮನಿ ಮಂದಿ ‘ನಡೀತದ ಬಿಡ್ರಿ’ ಅಂತಾರ. ಅದೇ ಲ್ಯಾಪ್‌ಟಾಪಿನ ಪರದೆಗಿ ಮಬ್ಬು ಕವಿದ್ರ ಊಟ ಬಿಟ್ಟು ಓಡಿ ಬರ್ತಾರ. ನನಗೇನ ಸಿಟ್ಟಿಲ್ಲ. ಒಂದೇ ಬೊಟ್ಟಿಲೆ ಫೋನ್ ಕುಟ್ಕೋತ ಸುಮ್ನ ಬರೀಲತ್ತೀನಿ.

ಲ್ಯಾಪ್‌ಟಾಪು ನನ್ನ ಸೊಸಿ ಅಶ್ವಿನಿದು. ಆಕಿ ಸಾಲಿ ಮಾಸ್ತರಿಣಿ. ಅದರಾಗ ನಾ ಉದಗೀರದ ನಮ್ಮ ಅಕ್ಕನ ಕೂಡ ಮಾತಾಡ್ತೀನಿ. ಉಮರ್ಗಾದಿಂದ ಉದಗೀರಕ ನಡುವ ನಿಲಂಗಾದಾಗ ಬಸ್ ಬದಲಿ ಮಾಡಿದ್ರ ಆತು. ಆದ್ರ ನನ್ನ ಮೊಣಕಾಲು ನೋಡಿ ಸೊಸಿ, ‘ವಿಡಿಯೋ ಕಾಲ್ ಅದಲ್ರಿ ಅತ್ತಿ, ಹೋಗೋದ್ಯಾಕ?’ ಅಂತಾಳ. ವಿಡಿಯೋದಾಗ ಅಕ್ಕ ಕಾಣ್ತಾಳ, ಖರೇ. ಆಕಿ ಬಾಯಿನ ಎಲಿ-ಅಡಿಕಿ ವಾಸನಿ ಬರಂಗಿಲ್ಲ. ಮೊದಲ ಇಬ್ರೂ ಎದುರಾಬದರ ಕುಂತು ಕೌದಿ ಹೊಲೀತಿದ್ವಿ. ಹೊಲಕೋತ ಹೊಲಕೋತ ಆಕಿ ಸೂಜಿ ನನ್ನ ಸೂಜಿ ನಡುವ ಕೂಡ್ತಿದ್ವು. ಈಗ ಆಕಿ ಒಬ್ಬಾಕೀನೇ ಹೊಲೀತಾಳ, ನಾ ಇಲ್ಲಿಂದ ಹೊಲಿಗಿ ಸೊಟ್ಟ ಆತು ಅಂತ ಹೆಸರ ಇಡ್ತೀನಿ.

ನಿನ್ನಿ ಸೋಮವಾರ, ಸಾಲಿಗಿ ಸೂಟಿ. ಪೂಜಾ ಮುಗಿಸಿ ದೀಪಕ, ಮಿಕ್ಸರಿಗಿ, ಫ್ರಿಜ್ಜಿಗಿ ವಿಭೂತಿ ಹಚ್ಚಿದೆ. ಲ್ಯಾಪ್‌ಟಾಪು ತೆರದೇ ಇತ್ತು. ಪರದೆ ಮುಟ್ಟಬ್ಯಾಡ್ರಿ ಅಂತ ಸೊಸಿದು ಹುಕುಂ; ಅದಕ್ಕ ಕೆಳಗಿನ ಬಟನ್ನಿನ ಮ್ಯಾಲೇ ಮೂರು ಬೊಟ್ಟು ಒತ್ತಿ ಎಳದೆ. ಬಣ್ಣ ಎಲ್ಲಾ ಹೋಗಿ ಪರದೆ ಬೂದಿ ಆತು. ಶಿವ ಇಷ್ಟು ಲಗೂ ಒಪ್ಕೊಂಡದ್ದು ಇದೇ ಮೊದಲು.

ಅಷ್ಟರಾಗ ಅಕ್ಕನ ಕಾಲ್ ಬಂತು. ಆಕಿ ಮೊಮ್ಮಗಳು ಹಡದಾಳ, ಕೂಸಿಗಿ ಕೌದಿ ಆಗ್ಬೇಕು. ಕೌದಿ ನಡುವ ನಮ್ಮ ಅವ್ವನ ಸೀರಿ ತುಂಡು ಇರಬೇಕು, ಅದು ನಮ್ಮ ಮನಿ ಪದ್ಧತಿ. ಅಕ್ಕ ಎರಡು ಹಳೀ ಸೀರಿ ಎತ್ತಿ ಹಿಡದಳು. ಒಂದು ಅವ್ವಂದು, ಅಂಜೂರಿ ಬಣ್ಣ. ಇನ್ನೊಂದು ಆಕಿ ಅತ್ತಿದು, ಹಸರು.

‘ಸೂಗಿ, ಅವ್ವಂದು ಯಾವ್ದು ಹೇಳ. ನನ್ನ ಕಣ್ಣಿಗಿ ಮೋತಿಬಿಂದು, ಪೊರಿ ಬಂದದ, ಎರಡೂ ಒಂದೇ ಕಾಣ್ತಾವ.’

‘ನನಗೂ ಎರಡೂ ಬೂದಿ ಕಾಣ್ತಾವ, ಅಕ್ಕ.’

‘ನಿನ್ನ ಕಣ್ಣಿಗೇನಾಗ್ಯಾದ?’

‘ನನ್ನ ಕಣ್ಣು ಛಲೋ ಅವ. ಲ್ಯಾಪ್‌ಟಾಪಿಗಿ ಮೋತಿಬಿಂದು.’

ಆಕಿ ಮನಿ ಮಂದಿ ಸೋಯಾಬೀನ್ ರಾಶಿಗಿ ಹೋಗಿದ್ರು. ಅಕ್ಕನ ಕೈಯಾಗ ಕತ್ತರಿ, ಆಕಿಗಿ ಕಾಯೋದು ಗೊತ್ತಿಲ್ಲ. ಅವ್ವಂದು ಅಂತ ನಮ್ಮ ಕಡಿ ಉಳದದ್ದು ಅದೊಂದೇ ಸೀರಿ. ಆಕಿ ಅತ್ತಿ ಸೀರಿ ನಡುವ ಕೂತ್ರ, ಕೂಸು ಹುಟ್ಟಿದಾಗಿಂದೇ ಆ ಮುದುಕಿ ಕೈಯಾಗ ಸಿಕ್ಕಂಗ. ‘ಕತ್ತರಿ ಕೆಳಗ ಇಡು’ ಅಂತ ಒದರಿದೆ.

ಅಶ್ವಿನಿ ಓಡಿ ಬಂದ್ಳು. ‘ಥಾಂಬ್ರಿ ಅತ್ತಿ, ಜರಾ ತಡೀರಿ,’ ಅಂತ ಅದನ್ನ ಬಂದ್ ಮಾಡಿ ಚಾಲೂ ಮಾಡಿದ್ಳು. ಬೂದಿ. ಮುಚ್ಚಳ ಹಿಂದ ಮುಂದ ಅಲುಗಾಡ್ಸಿದ್ಳು; ಒಳಗಿನ ವೈರ್ ಸಡ್ಲಾಗಿದ್ರ ಬಣ್ಣ ಹೋಗಿ ಬರ್ತದಂತ. ಬೂದಿ. ಟಿವಿಗಿ ಜೋಡ್ಸಿದ್ಳು. ಟಿವಿನೂ ಬೂದಿ. ‘ಹಂಗಾರ ಪರದೆ ಕೆಟ್ಟಿಲ್ಲ, ಸೆಟ್ಟಿಂಗದಾಗೇ ಏನೋ ಆಗ್ಯಾದ’ ಅಂತ ಒಳಗ ಹುಡುಕಿದ್ಳು. ಬಣ್ಣ ತೆಗೆಯೋ ಫಿಲ್ಟರ್ ಅಂತ ಒಂದು ಅದ, ಮೂರು ಬಟನ್ ಕೂಡೇ ಒತ್ತಿದ್ರ ಚಾಲೂ ಆಗ್ತದಂತ. ಬಟನ್ ಮ್ಯಾಲಿನ ವಿಭೂತಿ ನೋಡಿದ್ಳು, ನನ್ನ ಬೊಟ್ಟು ನೋಡಿದ್ಳು. ಫಿಲ್ಟರ್ ಬಂದ್ ಮಾಡಿ ಮತ್ತ ಅಕ್ಕಗ ಕಾಲ್ ಹಚ್ಚಿದ್ಳು.

ಪರದೆ ತುಂಬ ಅಂಜೂರಿ. ಅಕ್ಕನ ಎಡಗೈಯಾಗ ಅವ್ವನ ಸೀರಿ. ಅದೇ ಸೆರಗಿಲೆ ಅವ್ವ ನಮ್ಮಿಬ್ಬರ ಮೂಗು ವರಸ್ತಿದ್ಳು. ಕೈ ಮುಂದ ಮಾಡಿದೆ, ಬೊಟ್ಟಿಗಿ ಗಾಜು ಹತ್ತಿತು.

‘ಈಗರೆ ಕಾಣ್ತದೇನು?’ ಅಂದ್ಳು ಅಕ್ಕ.

‘ಇಲ್ಲ ಅಕ್ಕ. ಇನ್ನೂ ಬೂದಿನೇ. ನಾನೇ ಬಂದು ನೋಡ್ಬೇಕು.’

ಅಶ್ವಿನಿ ನನ್ನ ಹಿಂದೇ ನಿಂತಿದ್ಳು. ಪರದೆ ನೋಡಿದ್ಳು, ನನ್ನ ನೋಡಿದ್ಳು. ‘ಹೌದ್ರಿ ದೊಡ್ಡತ್ತಿ,’ ಅಂದ್ಳು, ‘ಇನ್ನೂ ಬೂದಿನೇ ಅದ. ನಾಳಿ ಕಳಸ್ತೀನಿ.’

ಫೋನಿನಾಗ ನೋಡಿದ್ರ ಮೊದಲೇ ಬಣ್ಣ ಕಾಣ್ತಿತ್ತಲ್ಲ ಅಂತ ನೀವು ಅಂತೀರಿ. ನಿನ್ನಿ ಯಾರಿಗೂ ಹೊಳೀಲಿಲ್ಲ. ನನಗ ಹೊಳದಿತ್ತು, ನಾ ಹೇಳ್ಲಿಲ್ಲ.

ಈಗ ನಿಲಂಗಾ ಸ್ಟ್ಯಾಂಡಿನಾಗ ಉದಗೀರ ಬಸ್ಸಿನ ಹಾದಿ ನೋಡ್ಕೋತ ಕುಂತೀನಿ. ಅಲ್ಲಿ ಹೋದ ಕೂಡ್ಲೇ ಅಕ್ಕ ಸೀರಿ ಮುಂದ ಹಿಡೀತಾಳ. ಮನ್ಯಾಗ ಕತ್ತಲದ, ಬಿಸಲಿಗಿ ಹಿಡದು ನೋಡ್ಬೇಕು ಅಂತೀನಿ. ಬಿಸಲಿಗಿ ತಂದ್ರ ಕಣ್ಣು ಕುಕ್ಕತದ ಅಂತೀನಿ. ಹಿಂಗ ಒಂದೆಂಟು ದಿನ ಹೋಗ್ತಾವ. ಆ ಮ್ಯಾಲ ಖರೇ ಹೇಳ್ತೀನಿ, ಅದೂ ಮೊಣಕಾಲು ನೋಯ್ಲಿಕ್ಕ ಸುರು ಮಾಡಿ ಮನಿ ನೆನಪಾದ್ರ.